ಮಂಜಿಯೊಳಗೆ ಉಸಿರು ಕಟ್ಟಿದ್ದು

ನಾನು ಎರಡು ಸಿಲಿಂಡರಿನ ಒಂದು ಡೀಸೆಲ್ ಎಂಜಿನ್. ನಾನು ಕಡಲಿಗೆ ಹೋಗುತ್ತೇನೆಂದು ನನ್ನನ್ನು ಮಾಡಿದವರು ಯಾರೂ ಅಂದುಕೊಂಡಿರಲಿಲ್ಲ. ಕೊಯಮತ್ತೂರಿನ ಒಂದು ಕಾರ್ಖಾನೆಯಲ್ಲಿ ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಹೊಯ್ದು ನನ್ನ ಮೈ ಮಾಡಿದರು, ಹಸಿರು ಬಣ್ಣ ಬಳಿದರು. ಮೊದಲ ಸಲ ಹ್ಯಾಂಡಲ್ ಹಾಕಿ ತಿರುಗಿಸಿದಾಗ ಕಪ್ಪು ಹೊಗೆ ಕಾರಿ ಕೆಮ್ಮಿದೆ. ಅಲ್ಲಿದ್ದ ಮೇಸ್ತ್ರಿ ನಕ್ಕು ನನ್ನ ಬೆನ್ನು ತಟ್ಟಿದ. ಅದು ನನ್ನ ಮೊದಲ ನೆನಪು.

ಹನ್ನೆರಡು ವರ್ಷ ಕುಂದಾಪುರದ ಒಂದು ಹಂಚಿನ ಕಾರ್ಖಾನೆಯಲ್ಲಿ ಜೇಡಿಮಣ್ಣು ಅರೆಯುವ ಯಂತ್ರವನ್ನು ತಿರುಗಿಸಿದೆ. ಕಾಂಕ್ರೀಟಿನ ಕಟ್ಟೆ, ನಾಲ್ಕು ಬೋಲ್ಟು, ಬೆಳಿಗ್ಗೆ ಎಂಟಕ್ಕೆ ಶುರು, ಸಂಜೆ ಐದಕ್ಕೆ ಬಿಡುಗಡೆ. ನಾನು ಕೆಟ್ಟರೆ ರಿಪೇರಿಯಾಗುವವರೆಗೆ ಆಳುಗಳು ನೆರಳಲ್ಲಿ ಕೂತು ಬೀಡಿ ಸೇದುತ್ತಿದ್ದರು. ನೆಲದ ಮೇಲಿನ ಎಂಜಿನ್ನಿಗೆ ಇರುವ ದೊಡ್ಡ ಸುಖ ಅದೇ. ಅದು ನಿಂತರೆ ಯಾರೂ ಸಾಯುವುದಿಲ್ಲ. ಆ ಸುಖದ ಬೆಲೆ ನನಗೆ ಆಗ ತಿಳಿದಿರಲಿಲ್ಲ.

ಕಾರ್ಖಾನೆಗೆ ಕರೆಂಟಿನ ಮೋಟಾರು ಬಂದ ವರ್ಷ ಗಂಗೊಳ್ಳಿಯ ಒಬ್ಬ ಸಾಹುಕಾರರು ನನ್ನನ್ನು ಕೊಂಡು ತಮ್ಮ ಮಂಜಿಗೆ ಹಾಕಿಸಿದರು. ಮಂಜಿ ಎಂದರೆ ಮರದ ದೊಡ್ಡ ಹಾಯಿಹಡಗು. ಗಂಗೊಳ್ಳಿಯಿಂದ ಹಂಚು, ಅಕ್ಕಿ, ಈರುಳ್ಳಿ ತುಂಬಿಕೊಂಡು ಲಕ್ಷದ್ವೀಪಕ್ಕೆ ಹೋಗುವುದು, ಅಲ್ಲಿಂದ ಕೊಬ್ಬರಿ ತರುವುದು ಅದರ ಕೆಲಸ. ಗಾಳಿ ಇದ್ದಾಗ ಹಾಯಿಯೇ ಎಳೆಯುತ್ತದೆ. ಗಾಳಿ ಬಿದ್ದಾಗ, ಅಳಿವೆ ದಾಟುವಾಗ, ದ್ವೀಪದ ಬಂಡೆಗಳ ನಡುವೆ ನುಸುಳುವಾಗ ನಾನು ಬೇಕು. ಅಂದರೆ ಹೊತ್ತು ಒಳ್ಳೆಯದಿದ್ದಾಗ ನನ್ನ ನೆನಪು ಯಾರಿಗೂ ಇಲ್ಲ. ಹೊತ್ತು ಕೆಟ್ಟಾಗ ಏಳು ಜನರ ಜೀವ ನನ್ನ ಮೇಲೆ.

ಆ ಏಳು ಜನರಲ್ಲಿ ನನ್ನ ಜೊತೆ ಇರುತ್ತಿದ್ದವನು ಡ್ರೈವರ್ ಹೆರಿಯಣ್ಣ. ಐವತ್ತೈದು ದಾಟಿದ ಮೊಗವೀರ, ಕಡಿಮೆ ಮಾತಿನವನು. ನನ್ನ ಹೊಟ್ಟೆಗೆ ಹೋಗುವ ಎಣ್ಣೆಯನ್ನು ಮೊದಲು ತನ್ನ ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದ. ಉಪ್ಪು ತಗುಲಿದರೆ ನೀರು ಸೇರಿದೆ ಎಂದು ಲೆಕ್ಕ. ಯಾವುದೇ ತೊಂದರೆ ಬಂದರೂ ಅವನ ಮೊದಲ ಕೆಲಸ ಒಂದೇ. ಟಾಂಕಿಯ ಮುಚ್ಚಳ ತೆಗೆದು ಬಿದಿರ ಕಡ್ಡಿ ಇಳಿಸಿ ಎಣ್ಣೆ ಎಷ್ಟಿದೆ ಎಂದು ನೋಡುವುದು. “ಹಸಿದ ದನಕ್ಕೆ ಮದ್ದ್ ಮಾಡುಕಾಗ” ಎನ್ನುತ್ತಿದ್ದ. ಒಳ್ಳೆಯ ಅಭ್ಯಾಸ. ಆದರೆ ಒಳ್ಳೆಯ ಅಭ್ಯಾಸವೂ ಒಮ್ಮೊಮ್ಮೆ ಕಣ್ಣಿಗೆ ಬಟ್ಟೆ ಕಟ್ಟುತ್ತದೆ.

ಹೆರಿಯಣ್ಣನ ಕಿವಿ ಹೋಗಿತ್ತು. ತಿಂದವನು ನಾನೇ. ತಗಡಿನ ಗೂಡಿನಂಥ ಎಂಜಿನ್ ಕೋಣೆಯಲ್ಲಿ ವರ್ಷಗಟ್ಟಲೆ ನನ್ನ ಪಕ್ಕದಲ್ಲಿ ಕೂತವನಿಗೆ ಕಿವಿ ಉಳಿಯುವುದಿಲ್ಲ. ಅವನು ಅದನ್ನು ಯಾರಿಗೂ ಹೇಳಲಿಲ್ಲ. ಕಿವುಡ ಡ್ರೈವರನನ್ನು ಹಡಗು ನಡೆಸುವ ಯಾವ ತಾಂಡೇಲನೂ ಕಡಲಿಗೆ ಕರೆದೊಯ್ಯುವುದಿಲ್ಲ. ಮೇಲಿನಿಂದ ಬರುವ ಆಜ್ಞೆ ಹೇಗೂ ಕಾಲಿನದು. ತಾಂಡೇಲರು ಹಲಗೆಯನ್ನು ಒಮ್ಮೆ ತುಳಿದರೆ ನಿಧಾನ, ಎರಡು ಸಲ ತುಳಿದರೆ ಜೋರು. ಅದು ಅವನ ಬೆನ್ನಿಗೆ ತಿಳಿಯುತ್ತಿತ್ತು. ನನ್ನ ಆರೋಗ್ಯವನ್ನು ಅಂಗೈ ಇಟ್ಟು ತಿಳಿದುಕೊಳ್ಳುತ್ತಿದ್ದ. ಊಟಕ್ಕೆ ಕೂತಾಗ ಉಳಿದವರು ನಕ್ಕರೆ ತಾನೂ ನಗುತ್ತಿದ್ದ, ಅವರು ಅವನತ್ತ ನೋಡಿದರೆ “ಹೌದ್ ಹೌದ್” ಎಂದು ತಲೆ ಆಡಿಸುತ್ತಿದ್ದ. ನಾಲ್ಕು ವರ್ಷ ಆ ಎರಡು ಮಾತಿನಲ್ಲೇ ದೂಡಿದ.

ನನ್ನ ಊಟದ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಎಣ್ಣೆ ಟಾಂಕಿಯಿಂದ ಕೊಳವೆಯಲ್ಲಿ ಬರುತ್ತದೆ, ಫಿಲ್ಟರಿನಲ್ಲಿ ಸೋಸಿ ಪಂಪಿಗೆ ಹೋಗುತ್ತದೆ, ಅಲ್ಲಿಂದ ನನ್ನ ಎದೆಗೆ. ದಾರಿಯಲ್ಲಿ ಎಲ್ಲಾದರೂ ಗಾಳಿಗುಳ್ಳೆ ಸೇರಿಕೊಂಡರೆ ನಾನು ನಿಂತುಬಿಡುತ್ತೇನೆ. ಹಾಗಾದಾಗ ಫಿಲ್ಟರಿನ ಮೇಲಿನ ತಿರುಪು ಸಡಿಲಿಸಿ, ಕೈಪಂಪು ಒತ್ತಿ ಗುಳ್ಳೆಗಳನ್ನು ಹೊರಗೆ ಹಾಕಬೇಕು. ಇದು ಎಲ್ಲ ಡ್ರೈವರುಗಳಿಗೂ ಗೊತ್ತು. ಇನ್ನೊಂದು ಮಾತು ಎಲ್ಲರಿಗೂ ಗೊತ್ತಿದ್ದೂ ನೆನಪಿರುವುದಿಲ್ಲ. ಟಾಂಕಿಯಿಂದ ಎಷ್ಟು ಎಣ್ಣೆ ಹೊರಗೆ ಹೋಗುತ್ತದೋ ಅಷ್ಟು ಗಾಳಿ ಒಳಗೆ ಬರಬೇಕು. ಅಡುಗೆಮನೆಯಲ್ಲಿ ಎಣ್ಣೆಯ ಡಬ್ಬಕ್ಕೆ ಹೆಂಗಸರು ಎರಡು ತೂತು ಹಾಕುವುದು ಅದಕ್ಕೇ. ಒಂದರಿಂದ ಎಣ್ಣೆ ಬೀಳುತ್ತದೆ, ಇನ್ನೊಂದರಿಂದ ಡಬ್ಬ ಉಸಿರಾಡುತ್ತದೆ. ನಮ್ಮ ಹಳೆಯ ಟಾಂಕಿ ಮುಚ್ಚಳದಲ್ಲಿದ್ದ ಸಣ್ಣ ತೂತಿನಿಂದ ಉಸಿರಾಡುತ್ತಿತ್ತು.

ಆ ಮಳೆಗಾಲದಲ್ಲಿ ಹಳೆಯ ಟಾಂಕಿ ತುಕ್ಕು ಹಿಡಿದು ಹೋಯಿತೆಂದು ಸಾಹುಕಾರರು ಹೊಸದನ್ನು ಹಾಕಿಸಿದರು. ಹೊಸ ಟಾಂಕಿಯ ಮುಚ್ಚಳ ಗಟ್ಟಿ, ತೂತಿಲ್ಲ. ಅದರ ಉಸಿರುಕೊಳವೆಯನ್ನು ಫಿಟ್ಟರ್ ಹಿಂಬದಿಯ ಹಲಗೆಯವರೆಗೆ ಎಳೆದು, ಹಲಗೆಯ ಮೈಗೆ ಸಮನಾಗಿ ಕತ್ತರಿಸಿ ಬಿಟ್ಟಿದ್ದ. ನೋಡಿದವರಿಗೆ ಅದು ಬೆರಳು ಗಾತ್ರದ ಒಂದು ತೂತು, ಅಷ್ಟೇ. ಹೆರಿಯಣ್ಣ ಆಗ ಊರಲ್ಲಿರಲಿಲ್ಲ. ಉಡುಪಿಯಲ್ಲಿ ಯಾರಿಗೂ ತಿಳಿಯದಂತೆ ಕಿವಿಯ ಡಾಕ್ಟರನ್ನು ಕಾಣಲು ಹೋಗಿದ್ದ.

ಮಂಜಿಗಳನ್ನು ಮಳೆಗಾಲದಲ್ಲಿ ದಡಕ್ಕೆ ಎಳೆದು, ಹಲಗೆಗಳ ಸಂದಿಗೆ ಹತ್ತಿ ತುರುಕಿ, ಮೇಲೆ ರಾಳದ ಮೆತ್ತು ಹಚ್ಚುತ್ತಾರೆ. ನಮ್ಮ ಮಂಜಿಗೆ ಆ ಕೆಲಸ ಮಾಡುತ್ತಿದ್ದವರು ಶೇಷ ಆಚಾರ್ರು. ಅವರ ಶೆಡ್ಡಿನಲ್ಲಿ ಒಂದು ಕಟ್ಟಳೆ ಇತ್ತು. ಹಡಗು ನೀರಿಗೆ ಇಳಿಯುವ ಮೊದಲು ಅದರಲ್ಲಿ ಹೋಗುವ ಪ್ರತಿಯೊಬ್ಬನೂ ಒಂದು ತೂತನ್ನು ತನ್ನ ಕೈಯಾರೆ ಮುಚ್ಚಬೇಕು. ಮುಂದೆ ಕಡಲಲ್ಲಿ ನೀರು ಸೋರಿದರೆ ಆಚಾರಿಯೊಬ್ಬನನ್ನೇ ಬೈಯುವಂತಿಲ್ಲ, ತನ್ನ ಕೈಯನ್ನೂ ನೋಡಿಕೊಳ್ಳಬೇಕು. ಮರದ ಹಡಗಿನವರಿಗೆ ತೂತಿಗಿಂತ ದೊಡ್ಡ ಶತ್ರು ಇಲ್ಲ. ಕಂಡ ಕೂಡಲೇ ಮುಚ್ಚುವುದು ಅವರಿಗೆ ಉಸಿರಾಟದಷ್ಟೇ ಸಹಜ.

ಆ ವರ್ಷ ತೂತು ಮುಚ್ಚುವ ದಿನ ಕೊನೆಗೆ ಬಂದವನು ಭಂಡಾರಿ ಇದ್ದಿನಬ್ಬ. ಮಂಜಿಯಲ್ಲಿ ಅಡುಗೆ ಮಾಡುವವನಿಗೆ ಭಂಡಾರಿ ಎನ್ನುತ್ತಾರೆ. ತಂಗಿಯ ಮನೆಯ ಊಟ ಮುಗಿಸಿ ಅವನು ಬರುವಷ್ಟರಲ್ಲಿ ಎಲ್ಲ ಸಂದಿಗಳೂ ಮುಚ್ಚಿದ್ದವು.

“ನಿಂಗೊಂದ್ ತೂತೂ ಉಳಿಲಿಲ್ಲೆ ಮಾರಾಯಾ” ಎಂದರು ಆಚಾರ್ರು. “ಬಾಕಿ ಇಪ್ಪುದ್ ನಿನ್ ಬಾಯ್ ಒಂದೇ. ಬಾ ಇಲ್ಲಿ, ಅದನ್ನೇ ಮುಚ್ಚುವಾ.”

“ಅದನ್ ಮುಚ್ರೆ ನಿಮ್ಗ್ ರುಚಿ ನೋಡಿ ಸಾರ್ ಮಾಡುದ್ ಯಾರ್?” ಎನ್ನುತ್ತ ಇದ್ದಿನಬ್ಬ ಹಡಗನ್ನು ಎರಡು ಸುತ್ತು ಬಂದ. ಹಿಂಬದಿಯಲ್ಲಿ ನಿಂತ. “ಕಾಣಿ, ಇಲ್ಲೊಂದ್ ಬಿಟ್ಟಿದ್ರಿ! ಏಳ್ ಜನರ ಜೀವ ಉಳ್ಸಿದೆ ಇವತ್ತ್!”

ಹತ್ತಿ ತುರುಕಿದ, ಸುತ್ತಿಗೆಯಿಂದ ಬಡಿದ, ಮೇಲೆ ರಾಳ ಮೆತ್ತಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಳಗೆ ನನಗೆ ಎಣ್ಣೆ ಹಾಕುತ್ತಿದ್ದ ಹೆರಿಯಣ್ಣನಿಗೆ ಬಡಿತವೂ ಕೇಳಲಿಲ್ಲ, ಚಪ್ಪಾಳೆಯೂ ಕೇಳಲಿಲ್ಲ. ನನಗೆ ಕೇಳಿತು. ಹೇಳಲು ನನಗೆ ಬಾಯಿ ಎಲ್ಲಿದೆ?

ಅಕ್ಟೋಬರಿನ ಒಂದು ಬೆಳಿಗ್ಗೆ ಹಂಚು, ಅಕ್ಕಿ ತುಂಬಿಕೊಂಡು ಹೊರಟೆವು. ಅಳಿವೆ ದಾಟಿ ಒಂದು ತಾಸು ಆಗಿರಬಹುದು. ನನ್ನ ಗಂಟಲು ಬಿಗಿಯಿತು. ಎಳೆದಷ್ಟು ಎಣ್ಣೆ ಬರಲಿಲ್ಲ. ಟಾಂಕಿ ತುಂಬಿದೆ, ಎಣ್ಣೆ ಕೊಡಲೊಲ್ಲದು, ಒಳಗೆ ಯಾರೋ ಬಿಗಿಹಿಡಿದ ಹಾಗೆ. ಎರಡು ಸಲ ಮುಗ್ಗರಿಸಿ ನಿಂತೆ.

ಮೇಲಿನ ಬಾಗಿಲಿಂದ ತಾಂಡೇಲ ಸಾಂತಪ್ಪ ಖಾರ್ವಿಯವರು ಬಗ್ಗಿದರು. “ಹ್ವಾಯ್ ಹೆರಿಯಣ್ಣಾ, ಎಂತಾ ಆಯ್ತ್?”

ಹೆರಿಯಣ್ಣ ಅವರ ತುಟಿ ನೋಡಿದ. “ಕಾಂತೆ, ತಾಂಡೇಲ್ರೆ” ಎಂದು ನೋಡಲು ಹೊರಟ.

ಅಭ್ಯಾಸದಂತೆ ಮೊದಲು ಮೇಲೆ ಹೋಗಿ ಟಾಂಕಿಯ ಮುಚ್ಚಳ ತಿರುಗಿಸಿದ. ಒಳಗೆ ಕಟ್ಟಿದ್ದ ಉಸಿರು ಸುಯ್ಯೆಂದು ಗಾಳಿ ಎಳೆದುಕೊಂಡಿತು. ಹಾಯಿಯ ಪಟಪಟ, ಅಲೆಯ ಹೊಡೆತದ ನಡುವೆ ಆ ಸದ್ದು ಯಾರಿಗೂ ಕೇಳಲಿಲ್ಲ. ಕೇಳಬೇಕಾದವನಿಗಂತೂ ಯಾವ ಹೊತ್ತಿಗೂ ಕೇಳುವಂತಿರಲಿಲ್ಲ. ಕಡ್ಡಿ ಇಳಿಸಿದ, ಎಣ್ಣೆ ತುಂಬಾ ಇದೆ. ಮುಚ್ಚಳ ಬಿಗಿದ. ಕೆಳಗೆ ಬಂದು ತಿರುಪು ಸಡಿಲಿಸಿ ಕೈಪಂಪು ಒತ್ತಿದ. ಗುಳ್ಳೆಗಳು ಬಂದವು. ಹ್ಯಾಂಡಲ್ ತಿರುಗಿಸಿದರೆ ನಾನು ಕೂಡಲೇ ಓಡಿದೆ.

“ಗಾಳಿ ಹೊಕ್ಕಿತ್ತ್, ತೆಗ್ದೆ” ಎಂದ ಹೆರಿಯಣ್ಣ. ಗುಣ ಮಾಡಿದ್ದು ಮುಚ್ಚಳ, ಹೆಸರು ಬಂದದ್ದು ಕೈಪಂಪಿಗೆ.

ಮಧ್ಯಾಹ್ನ ಮತ್ತೆ ನಿಂತೆ. ಅವನು ಮತ್ತೆ ಕಡ್ಡಿ ಇಳಿಸಿದ, ಗುಳ್ಳೆ ತೆಗೆದ, ಫಿಲ್ಟರ್ ಬದಲಿಸಿದ. ಗಾಳಿ ಚೆನ್ನಾಗಿ ಬೀಸಿದ್ದರಿಂದ ಸಂಜೆಗೆ ನನಗೆ ಬಿಡುವು ಕೊಟ್ಟರು. ಮರುದಿನ ಎರಡು ತಾಸು ಓಡಿ ನಿಂತೆ. ಅವನು ಕೊಳವೆಯ ಎಲ್ಲ ಜೋಡಣೆಗಳನ್ನೂ ಬಿಚ್ಚಿ, ದಾರ ಸುತ್ತಿ, ಸೋಪು ಹಚ್ಚಿ ಬಿಗಿದ. ಎಣ್ಣೆಯನ್ನು ನಾಲಿಗೆಗೆ ಹಾಕಿ ನೋಡಿದ. ಆಮೇಲೆ ನಾಲ್ಕು ತಾಸು ಓಡಿದೆ. ಟಾಂಕಿ ಬರಿದಾದಷ್ಟೂ ಒಳಗಿನ ಗಾಳಿಯ ಜಾಗ ಹೆಚ್ಚುತ್ತದೆ, ಉಸಿರು ಕಟ್ಟಲು ಹೆಚ್ಚು ಹೊತ್ತು ಬೇಕು. ಅದು ನನ್ನ ಲೆಕ್ಕ. ಹೆರಿಯಣ್ಣನ ಲೆಕ್ಕ ಬೇರೆ.

“ಕಾಣ್” ಎಂದ ಇದ್ದಿನಬ್ಬನಿಗೆ, ಚಾ ಲೋಟ ತೆಗೆದುಕೊಳ್ಳುತ್ತ. “ನಿನ್ನೆ ಒಂದ್ ತಾಸ್, ಇವತ್ತ್ ನಾಲ್ಕ್ ತಾಸ್. ಗುಣ ಆತ್ತಾ ಇತ್ತ್.”

“ನನ್ನಜ್ಜನೂ ಹೀಂಗೇ ಗುಣ ಆದದ್ದ್” ಎಂದ ಇದ್ದಿನಬ್ಬ. “ಸಾಯುಕೆ ಎರಡ್ ದಿನ ಮುಂಚೆ.”

ಹೆರಿಯಣ್ಣ ನಕ್ಕು “ಹೌದ್ ಹೌದ್” ಎಂದ.

ಮೂರನೆಯ ಬೆಳಿಗ್ಗೆ ದ್ವೀಪ ಕಂಡಿತು. ಮೊದಲು ತೆಂಗಿನ ತಲೆಗಳು, ಆಮೇಲೆ ಬಿಳಿಯ ಒಂದು ಗೆರೆ. ಆ ಗೆರೆ ಮರಳಲ್ಲ, ಹವಳದ ಬಂಡೆಯ ಮೇಲೆ ಅಲೆ ಒಡೆಯುವ ನೊರೆ. ದ್ವೀಪವನ್ನು ಸುತ್ತಿ ಪಡುಬದಿಗೆ ಹೋದರೆ ಬಂಡೆಯ ಸಾಲಿನಲ್ಲಿ ಒಂದು ಕಂಡಿ ಇದೆ. ಅದರೊಳಗೆ ನುಸುಳಿದರೆ ಆಚೆ ಕೊಳದಂಥ ನೀರು. ಪಡುಬದಿಗೆ ಬರುವಷ್ಟರಲ್ಲಿ ಗಾಳಿ ಸತ್ತಿತು. ಹಾಯಿ ಒದ್ದೆ ಬಟ್ಟೆಯಂತೆ ಜೋತುಬಿತ್ತು. ಆದರೆ ಎಲ್ಲೋ ದೂರದ ತೂಫಾನಿನ ಉಬ್ಬರ ಪಡುವಣದಿಂದ ಬರುತ್ತಲೇ ಇತ್ತು. ನುಣ್ಣಗೆ, ಸದ್ದಿಲ್ಲದೆ, ಒಂದೊಂದು ಉಬ್ಬೂ ನಮ್ಮನ್ನು ಎತ್ತಿ ಒಂದಿಷ್ಟು ಬಂಡೆಯ ಕಡೆಗೆ ಇಡುತ್ತಿತ್ತು.

ತಾಂಡೇಲರು ಎರಡು ಸಲ ತುಳಿದರು. ಜೋರು. ಅದೇ ಹೊತ್ತಿಗೆ ನನ್ನ ಗಂಟಲು ಬಿಗಿಯಿತು.

ನಾನು ನಿಂತಾಗ ಬಂಡೆಯ ಮೇಲೆ ನೀರು ಹೀರುವ ಸದ್ದು ನನಗೂ ಕೇಳಿತು. ಲಂಗರು ಬಿಟ್ಟರು. ಹಗ್ಗ ಪೂರ್ತಿ ಹೋಯಿತು, ಲಂಗರು ನೆಲ ಮುಟ್ಟಲಿಲ್ಲ. ಆ ಬಂಡೆಗಳು ಪಾತಾಳದಿಂದ ಗೋಡೆಯಂತೆ ಎದ್ದಂಥವು. ಪಕ್ಕದಲ್ಲಿ ನಿಂತರೂ ಕಾಲಿಗೆ ನೆಲ ಸಿಗುವುದಿಲ್ಲ. ನಮ್ಮ ಹೊಟ್ಟೆಯ ತುಂಬ ಹಂಚು. ಒಡೆದರೆ ತೇಲುವ ಮಾತಿಲ್ಲ.

“ಬಂಡೆಗ್ ಇನ್ನೂರ್ ಮಾರ್ ಇತ್ತ್” ಎಂದು ಮುಂದಿನಿಂದ ಒಬ್ಬ ಖಲಾಸಿ ಕೂಗಿದ.

ಹೆರಿಯಣ್ಣ ಆ ಕೂಗು ಕೇಳಲಿಲ್ಲ, ಆದರೆ ಓಡುವ ಕಾಲುಗಳನ್ನು ಬೆನ್ನಿನಲ್ಲಿ ತಿಳಿದ. ಈ ಸಲ ಅವನಿಗೆ ಕಡ್ಡಿ ಇಳಿಸುವಷ್ಟು ಹೊತ್ತಿರಲಿಲ್ಲ. ನೇರ ತಿರುಪು ಸಡಿಲಿಸಿ ಕೈಪಂಪು ಒತ್ತಿದ. ಏನೂ ಬರಲಿಲ್ಲ. ಎಣ್ಣೆಯಿಲ್ಲ, ಗುಳ್ಳೆಯೂ ಇಲ್ಲ. ಮತ್ತೆ ಒತ್ತಿದ. ಟಾಂಕಿಯಿಂದ ಬರುವ ರಬ್ಬರಿನ ಕೊಳವೆಯನ್ನು ಮುಟ್ಟಿ ನೋಡಿದ. ಅದು ಬಾಡಿದ ಬಸಳೆ ದಂಟಿನಂತೆ ಚಪ್ಪಟೆಯಾಗಿತ್ತು. ಅವನ ಬೆರಳು ಅಲ್ಲೇ ನಿಂತಿತು. ಮೂವತ್ತು ವರ್ಷದ ಕೈಗೆ ಇದೊಂದು ಹೊಸದು.

“ನೂರ ಇಪ್ಪತ್ತ್!”

ಮೇಲೆ ಓಡಿದ. ಟಾಂಕಿಯ ಬಾಯಿ ಇದ್ದದ್ದು ಹಿಂಬದಿಯಲ್ಲಿ, ಇದ್ದಿನಬ್ಬನ ಒಲೆಯ ಪಕ್ಕ. ಇದ್ದಿನಬ್ಬ ಅನ್ನದ ಪಾತ್ರೆ ಹಿಡಿದು ಸುಮ್ಮನೆ ಕೂತಿದ್ದ, ತುಟಿ ಮಾತ್ರ ಅಲುಗುತ್ತಿತ್ತು. ಹೆರಿಯಣ್ಣ ಮುಚ್ಚಳ ತಿರುಗಿಸಿದ. ಗಾಳಿಯಿಲ್ಲದ ಆ ಬೆಳಿಗ್ಗೆಯಲ್ಲಿ ಟಾಂಕಿ ಉದ್ದಕ್ಕೆ ಉಸಿರೆಳೆದದ್ದು ಇದ್ದಿನಬ್ಬನಿಗೆ ಸ್ಪಷ್ಟ ಕೇಳಿತು.

“ಅಲ್ದಾ ಹೆರಿಯಣ್ಣಾ, ಇದೆಂತ ಹಾವಿನ್ ಹಾಂಗೆ ಬುಸ್ ಅಂತ್?”

ಹೆರಿಯಣ್ಣ ಕಡ್ಡಿ ಇಳಿಸಿ ನೋಡುತ್ತಿದ್ದ. ಪಕ್ಕದವನ ಬಾಯಿ ಅಲುಗಿದ್ದು ಕಣ್ಣಂಚಿಗೆ ಬಿತ್ತು. “ಹೌದ್ ಹೌದ್” ಎಂದು ಮುಚ್ಚಳ ತೆಗೆದುಕೊಂಡು ಮತ್ತೆ ಬಿಗಿಯಲು ಹೊರಟ. ಹಾಗೆ ಬಿಗಿದಿದ್ದರೆ ನನ್ನ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ತುಸು ಹೊತ್ತು ಓಡಿ, ಬಂಡೆಗಳ ನಡುವೆ ಮತ್ತೆ ನಿಲ್ಲುತ್ತಿದ್ದೆ.

ಇದ್ದಿನಬ್ಬ ಅವನ ಮಣಿಕಟ್ಟು ಹಿಡಿದ. “ಎಂತ ಹೌದ್? ಸಾಯು ಹೊತ್ತಲ್ಲೂ ಹೌದ್ ಹೌದಾ? ನಾ ಈಗ ಎಂತ ಹೇಳ್ದೆ, ಹೇಳ್ ಕಾಂಬ!”

ಹೆರಿಯಣ್ಣ ಅವನ ಮುಖ ನೋಡಿದ. ಅವನ ಭುಜದ ಆಚೆಗೆ ಬಿಳಿಯ ನೊರೆ ನೋಡಿದ. ಒಂದು ಉಬ್ಬು ನಮ್ಮನ್ನು ಎತ್ತಿ ಇಳಿಸಿತು. ಯಂತ್ರದ ಬಿಗಿದ ತಿರುಪು ಬಿಡಿಸುವುದು ಕಷ್ಟ, ಆದರೆ ಅದಕ್ಕೆ ಪಾನಾ ಇದೆ. ಬಿಗಿದ ಬಾಯಿಗೆ ಏನೂ ಇಲ್ಲ, ತಾನೇ ಬಿಚ್ಚಬೇಕು.

“ನಂಗ್ ಕಿವಿ ಕೇಂತಿಲ್ಲೆ, ಇದ್ದಿನಬ್ಬಾ” ಎಂದ. ಅವನ ದನಿ ಇಡೀ ಹಡಗಿಗೆ ಕೇಳುವಷ್ಟು ದೊಡ್ಡದಾಗಿತ್ತು. ಅದೂ ಅವನಿಗೆ ಗೊತ್ತಾಗಲಿಲ್ಲ. “ನಾಲ್ಕ್ ವರ್ಷ ಆಯ್ತ್. ನೀ ಹೇಳ್ದದ್ ಎಂತ?”

ಚುಕ್ಕಾಣಿಯಲ್ಲಿದ್ದ ತಾಂಡೇಲರು ತಿರುಗಿ ನೋಡಿದರು. ಇದ್ದಿನಬ್ಬ ನಗಲಿಲ್ಲ. ಹೆರಿಯಣ್ಣನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡ. ಟಾಂಕಿಯ ಬಾಯಿ ತೋರಿಸಿದ. ಆಮೇಲೆ ತನ್ನ ಎರಡೂ ಕೆನ್ನೆ ಒಳಗೆ ಸೇರುವ ಹಾಗೆ ಉಸಿರನ್ನು ಒಳಕ್ಕೆ ಎಳೆದ.

ಒಳಕ್ಕೆ. ಹೆರಿಯಣ್ಣನ ಮನಸ್ಸು ಚಪ್ಪಟೆಯಾದ ಕೊಳವೆಯ ಕಡೆ, ಮುಚ್ಚಳದ ಕಡೆ, ಮೂರು ದಿನದ ಕಡೆ ಒಟ್ಟಿಗೇ ಹೋಯಿತು. ಮುಚ್ಚಳವನ್ನು ಕಡಲಿಗೆ ಎಸೆದ.

“ಟಾಂಕಿಗ್ ಉಸ್ರ್ ಇಲ್ಲೆ! ಬಾಯ್ ತೆಗ್ದಿಟ್ಕೋ, ಆದ್ರೆ ಒಂದ್ ಹನಿ ಉಪ್ಪ್ ನೀರ್ ಒಳ್ಗ್ ಹೋಪುಕಾಗ!”

ಹಲಗೆಯ ಮೇಲೆ ಆಗಲೇ ನೀರು ಹಾರುತ್ತಿತ್ತು. ಇದ್ದಿನಬ್ಬ ಗಾಳಿಗೆ ಸಂದಿ ಉಳಿಯಲೆಂದು ಎರಡು ಸೌದೆ ತುಂಡು ಇಟ್ಟು, ಅನ್ನವನ್ನು ಕಡಲಿಗೆ ಸುರಿದು, ಪಾತ್ರೆಯನ್ನು ಟಾಂಕಿಯ ಬಾಯಿಯ ಮೇಲೆ ಕವುಚಿ ಅದನ್ನು ತಬ್ಬಿಕೊಂಡು ಮಲಗಿದ. ಕೆಳಗೆ ಹೆರಿಯಣ್ಣ ಕೈಪಂಪು ಒತ್ತಿದ. ಎಣ್ಣೆ ಬಂತು, ದಪ್ಪಗೆ, ತಣ್ಣಗೆ. ಇಬ್ಬರು ಖಲಾಸಿಗಳು ಹ್ಯಾಂಡಲಿಗೆ ಬಿದ್ದರು. ಎರಡನೆಯ ಸುತ್ತಿಗೆ ನಾನು ಗುಡುಗಿದೆ.

ಆದರೆ ಕಡಲು ಯಾರಿಗೂ ಪೂರ್ತಿ ರಿಯಾಯಿತಿ ಕೊಡುವುದಿಲ್ಲ. ಕಂಡಿಯ ಬಾಯಿಗೆ ತಿರುಗುವಷ್ಟರಲ್ಲಿ ಒಂದು ಉಬ್ಬು ನಮ್ಮನ್ನು ಅಡ್ಡ ತಳ್ಳಿತು. ಹವಳದ ಒಂದು ಕೋಡು ಮಂಜಿಯ ಹೊಟ್ಟೆ ಸೀಳಿತು. ಆ ಸದ್ದನ್ನು ಬಣ್ಣಿಸಲಾರೆ. ನೀರು ನುಗ್ಗಿತು. ಹೆರಿಯಣ್ಣನ ಮೊಳಕಾಲಿಗೆ ಬಂತು, ತೊಡೆಗೆ ಬಂತು. ನನ್ನ ಚಕ್ರ ನೀರನ್ನು ಎತ್ತಿ ಅವನ ಮುಖಕ್ಕೆ ಎರಚುತ್ತಿತ್ತು. ಅವನು ಅಂಗೈಯನ್ನು ನನ್ನ ಮೈಮೇಲಿಂದ ತೆಗೆಯಲಿಲ್ಲ. ಎಣ್ಣೆ ಬರುತ್ತಿತ್ತು, ಓಡಿದೆ. ನೀರು ನನ್ನ ಗಾಳಿಬಾಯಿ ಮುಟ್ಟುವ ತನಕ ಓಡಿದೆ. ಆಗ ಒಂದು ಮೆತ್ತನೆಯ ಏಟು. ಕೆಳಗೆ ಬಂಡೆಯಲ್ಲ, ಮರಳು. ಕಂಡಿ ದಾಟಿ ಒಳಗಿನ ಕೊಳಕ್ಕೆ ಬಂದಿದ್ದೆವು. ಏಳೂ ಜನ ಎದೆಮಟ್ಟದ ನೀರಿಗೆ ಇಳಿದು ನಡೆದರು. ಮಂಜಿ ಅಲ್ಲೇ ಕುಸಿಯಿತು, ಮತ್ತೆ ಏಳಲಿಲ್ಲ.

ಇಳಿತದ ಹೊತ್ತಿಗೆ ಸಾಮಾನು ಇಳಿಸಲು ಬಂದಾಗ ಇದ್ದಿನಬ್ಬ ಹಿಂಬದಿಗೆ ಹೋದ. ಟಾಂಕಿಯಿಂದ ಹೊರಟ ಕೊಳವೆಯ ಮೇಲೆ ಬೆರಳಾಡಿಸುತ್ತ ಹಲಗೆಯವರೆಗೆ ಬಂದ. ಚೂರಿಯಿಂದ ಹತ್ತಿ ಕಿತ್ತ. ಅದನ್ನು ಮರಳಿನ ಮೇಲೆ ಕೂತಿದ್ದ ಹೆರಿಯಣ್ಣನ ಅಂಗೈಗೆ ತಂದು ಇಟ್ಟ. ತನ್ನ ಎದೆ ಮುಟ್ಟಿ ತೋರಿಸಿದ, ಮುಚ್ಚಿದ್ದು ತಾನೇ ಎಂದು.

“ನೀ ಮುಚ್ಚಿದ್ದ್ ಒಂದ್” ಎಂದ ಹೆರಿಯಣ್ಣ. “ನಾ ಮುಚ್ಚಿಟ್ಟದ್ದ್ ಎರಡ್.”

ಸಾಂತಪ್ಪ ತಾಂಡೇಲರು ಅವರಿಬ್ಬರನ್ನೂ ನೋಡಿದರು. ಬೈಯುತ್ತಾರೆಂದು ಎಲ್ಲರೂ ಕಾದರು. ಅವರು ಹೆರಿಯಣ್ಣನ ಎದುರಿಗೆ ಬಂದು, ಕೂತು, ತುಟಿಗಳು ಕಾಣುವ ಹಾಗೆ ನಿಧಾನವಾಗಿ ಹೇಳಿದರು. “ಮೊದ್ಲೇ ಹೇಳಿದ್ರೆ ನಾ ನಿನ್ನನ್ ಕರ್ಕಂಡ್ ಬತ್ತಿರ್ಲಿಲ್ಲೆ. ಇವತ್ತ್ ಹೇಳ್ದೆ ಇದ್ದಿದ್ರೆ ನಾ ಯಾರನ್ನೂ ಕರ್ಕಂಡ್ ಹೋಪುಕ್ ಆತಿರ್ಲಿಲ್ಲೆ.” ಆಮೇಲೆ ಎದ್ದು ಮುಖ ಒರೆಸಿಕೊಂಡು, “ಗಂಜಿ ಆದ್ರೂ ಬೇಯ್ಸ್ ಮಾರಾಯಾ” ಎಂದು ಇದ್ದಿನಬ್ಬನಿಗೆ ಗದರಿದರು.

ಊರಿಗೆ ಹೋಗುವ ಹಡಗು ಬರಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ಎಲ್ಲರೂ ಹೆರಿಯಣ್ಣನ ಹತ್ತಿರ ಎದುರಿಗೆ ನಿಂತು ಮಾತಾಡಿದರು, ಅರ್ಥವಾಗದಿದ್ದರೆ ಅವನು “ಇನ್ನೊಂದ್ ಸಲ ಹೇಳ್” ಎಂದ. ಹೊರಡುವ ದಿನ ಅವನು ನೀರಿಗಿಳಿದು ನನ್ನ ಹತ್ತಿರ ಬಂದ. ಎಣ್ಣೆಯ ನಲ್ಲಿ ತಿರುಗಿಸಿ ನಿಲ್ಲಿಸಿದ. ಮುಂಡಾಸಿನಿಂದ ನನ್ನ ತಲೆ ಒರೆಸಿದ. ಅವನು ಮತ್ತೆ ಕಡಲಿಗೆ ಹೋದನೋ ಇಲ್ಲವೋ ನನಗೆ ತಿಳಿಯದು.

ಮಂಜಿಯ ಹಲಗೆಗಳನ್ನು ದ್ವೀಪದವರು ಮನೆಗಳಿಗೆ ಒಯ್ದರು. ನನ್ನನ್ನು ಎತ್ತಲು ಯಾರಿಂದಲೂ ಆಗಲಿಲ್ಲ. ಇಳಿತದಲ್ಲಿ ನನ್ನ ತಲೆ ಕಾಣುತ್ತದೆ, ಉಬ್ಬರದಲ್ಲಿ ಅದೂ ಇಲ್ಲ. ಮೀನುಗಾರರು ತಮ್ಮ ಸಣ್ಣ ಎಂಜಿನ್ ದೋಣಿಗಳ ಹಗ್ಗವನ್ನು ನನ್ನ ಚಕ್ರಕ್ಕೆ ಕಟ್ಟುತ್ತಾರೆ. ಎಷ್ಟೋ ಡ್ರೈವರುಗಳನ್ನು ನೋಡಿದೆ, ಎಲ್ಲರೂ ರೋಗವನ್ನು ಯಂತ್ರದಲ್ಲೇ ಹುಡುಕುತ್ತಾರೆ. ಗೊತ್ತಿಲ್ಲ, ಕೇಳುವುದಿಲ್ಲ, ಕಾಣುವುದಿಲ್ಲ ಎನ್ನುವ ಮಾತು ಬಾಯಿಗೆ ಬರಲು ಅವರಿಗೆ ಬಂಡೆ ಕಾಣಬೇಕು.

ಈಗ ನನಗೆ ಉಳಿದ ಕೆಲಸ ಒಂದೇ. ಬೆಳಿಗ್ಗೆ ಬಿಚ್ಚಿದ ಹಗ್ಗಗಳು ಸಂಜೆ ಮರಳಿ ಬಂದವೇ ಎಂದು ನೋಡುವುದು. ಆ ದೋಣಿಗಳಲ್ಲಿ ನೀಲಿಯದೊಂದರ ಎಂಜಿನ್ ನಾಲ್ಕು ದಿನದಿಂದ ಬಿಟ್ಟುಬಿಟ್ಟು ನಿಲ್ಲುತ್ತಿತ್ತು. ಅದರ ಯಜಮಾನ ಪ್ರತಿ ಸಲವೂ ಏನನ್ನೋ ಬಿಚ್ಚಿ ಬಿಗಿದು, “ಸರಿಯಾಯಿತು” ಎಂದು ಜೊತೆಯವನಿಗೆ ಹೇಳುತ್ತಿದ್ದ. ಇವತ್ತು ಬೆಳಿಗ್ಗೆಯೂ ಹೇಳಿದ.

ಸಂಜೆಯಾಗಿದೆ, ಉಬ್ಬರ ಏರುತ್ತಿದೆ. ಉಳಿದ ಹಗ್ಗಗಳೆಲ್ಲ ಬಂದಿವೆ.